ಹೋವರ್ಡ್ ಕಲಾಶಾಲೆಯ ನ್ಯಾಯವಿದ್ಯಾರ್ಥಿಗಳು

ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರಕ್ಕೆ, ಎಂದರೆ ರಾಜಸಭೆಯಲ್ಲಿ ನಡೆಯುವ ವ್ಯಾಜ್ಯಕ್ಕೆ, ನಾಲ್ಕು ಪಾದಗಳನ್ನು ಹೇಳಿರುವರು. ವಾದಿಯ ಅರಿಕೆಯು ಮೊದಲನೆಯದು, ಪ್ರತಿವಾದಿಯ ಉತ್ತರವು ಎರಡನೆಯದು, ಸಾಕ್ಷಿ, ಲೇಖ್ಯ ಮೊದಲಾದವುಗಳಿಂದ ಅರಿಕೆಯನ್ನು ಸಾಧಿಸುವ ಕ್ರಿಯೆಯು ಮೂರನೆಯದು, ನಿರ್ಣಯವು ನಾಲ್ಕನೆಯದು. ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಯಾವ ಸ್ಮೃತಿಗೆ ವ್ಯಾಖ್ಯಾನವನ್ನು ಬರೆದನೋ ಆ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಇದಕ್ಕೆ ಮೂಲವಾದ ಇನ್ನೊಂದು ಮಾತಿದೆ: ಅನ್ಯರಿಂದ ಪೀಡಿತನಾದವನು ತಾನಾಗಿ ಬಂದು ಅರಸನಿಗೆ ತಿಳಿಸಿದರೆ ಆಗ ಅದು ವ್ಯವಹಾರದ ವಿಷಯವಾಗುತ್ತದೆ. ಈ ಲಕ್ಷಣವನ್ನು ಓದಿದವರಿಗೆ ಎರಡು ಸಂದೇಹಗಳು ತೋರುವುದು ಸಹಜ. ಪೀಡಿತನು ಬಾಯಿ ತೆರೆಯಲು ಹೆದರುವವನಾದರೆ ಗತಿಯೇನು? ಬಾಯಿ ತೆರೆದರೂ, ಕ್ರಿಯಾಪಾದಕ್ಕೆ ಬೇಕಾದ ಹಣ, ವಿದ್ಯೆ, ವಿರಾಮಗಳು ಅವನಲ್ಲಿ ಇಲ್ಲದಿದ್ದರೆ ನಿರ್ಣಯವು ಅವನ ಪಾಲಿಗೆ ಎಲ್ಲಿಂದ ಬಂದೀತು?

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಕರಿಯ ಜನರ ಮುಂದೆ ಈ ಎರಡು ಪ್ರಶ್ನೆಗಳೂ ಏಕಕಾಲದಲ್ಲಿ ನಿಂತಿದ್ದುವು. ಅವರು ಕಂಡುಕೊಂಡ ಉತ್ತರದಲ್ಲಿ ವಾಷಿಂಗ್ಟನ್ ನಗರದ ಒಂದು ಕಲಾಶಾಲೆಗೂ ಅದರ ವಿದ್ಯಾರ್ಥಿಗಳಿಗೂ ದೊಡ್ಡ ಪಾಲಿದೆ. ದೊಡ್ಡ ತೀರ್ಪುಗಳ ಹೆಸರು ಲೋಕಕ್ಕೆಲ್ಲ ತಿಳಿದಿದೆ. ಆ ತೀರ್ಪುಗಳ ಹಿಂದೆ ಪುಸ್ತಕಭಂಡಾರದಲ್ಲಿ ಕುಳಿತು ದುಡಿದವರ ಕಥೆಯು ಅಷ್ಟಾಗಿ ತಿಳಿದಿಲ್ಲ.

ಅಮೇರಿಕದಲ್ಲಿ ದಾಸ್ಯವು 1865ರಲ್ಲಿ ಶಾಸನತಃ ಕೊನೆಗಂಡಿತು. 1868ರಲ್ಲಿ ರಾಜ್ಯಾಂಗಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿಯು ಎಲ್ಲರಿಗೂ ಕಾಯಿದೆಯ ಸಮಾನರಕ್ಷಣೆಯನ್ನು ಸಾರಿತು. ಆದರೆ 1896ರಲ್ಲಿ ಪ್ಲೆಸಿ ಎಂಬಾತನ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಬಿಳಿಯರಿಗೂ ಕರಿಯರಿಗೂ ರೈಲಿನಲ್ಲಿ ಬೇರೆ ಬೇರೆ ಡಬ್ಬಿಗಳನ್ನಿಡುವುದು ಸಮಾನತೆಗೆ ವಿರೋಧವಲ್ಲವೆಂದು ಹೇಳಿತು. ಬೇರೆಯಾದರೂ ಸಮಾನವಾಗಿದ್ದರೆ ಸಾಕೆಂಬ ಈ ವಾದವು ರೈಲಿನಿಂದ ಶಾಲೆಗೂ, ಆಸ್ಪತ್ರೆಗೂ, ಉಪಾಹಾರಗೃಹಕ್ಕೂ ಹರಡಿತು. ಬೇರೆಮಾಡುವ ಭಾಗವು ಎಲ್ಲೆಲ್ಲಿಯೂ ಚಾಚೂ ತಪ್ಪದೆ ನಡೆಯಿತು. ಸಮಾನಮಾಡುವ ಭಾಗವು ಕಾಗದದಲ್ಲಿಯೇ ಉಳಿಯಿತು.

ಹೋವರ್ಡ್ ವಿಶ್ವವಿದ್ಯಾನಿಲಯವು ಅಂತರ್ಯುದ್ಧದ ತರುವಾಯ, 1867ರಲ್ಲಿ, ಸ್ಥಾಪಿತವಾದುದು. ಅದರ ನ್ಯಾಯಶಾಸ್ತ್ರ ಕಲಾಶಾಲೆಯು 1869ರಲ್ಲಿ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ನನ ನೇತೃತ್ವದಲ್ಲಿ ಆರಂಭವಾಯಿತು. 1872ರಲ್ಲಿ ಅಲ್ಲಿ ವ್ಯಾಸಂಗವನ್ನು ಮುಗಿಸಿದ ಷಾರ್ಲಟ್ ರೇ ಎಂಬಾಕೆಯು ಆ ದೇಶದ ಕರಿಯ ಸ್ತ್ರೀಯರಲ್ಲಿ ಮೊದಲನೆಯ ವಕೀಲಳು. ಕಲಾಶಾಲೆಯ ಪಾಠಗಳು ಬಹುಕಾಲ ಸಾಯಂಕಾಲದಲ್ಲಿಯೇ ನಡೆಯುತ್ತಿದ್ದುವು. ಹಗಲೆಲ್ಲ ಗುಮಾಸ್ತಗಿರಿಯನ್ನೋ ಕೂಲಿಯನ್ನೋ ಮಾಡಿ ಸಂಸಾರವನ್ನು ಸಾಕುತ್ತಿದ್ದವರು ದೀಪ ಹಚ್ಚುವ ಹೊತ್ತಿಗೆ ಬಂದು ಕಾಯಿದೆಯನ್ನು ಕಲಿಯುತ್ತಿದ್ದರು. ಹೀಗೆ ಕಲಿತವರಲ್ಲಿ ವಿಲಿಯಂ ಹ್ಯೂಸ್ಟನ್ ಒಬ್ಬನು. ಈತನು ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದುಕೊಂಡೇ ರಾತ್ರಿಯ ಪಾಠಗಳಿಂದ ವಕೀಲನಾದನು. ಈತನ ಮಗನೇ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್.

ಚಾರ್ಲ್ಸ್ ಹ್ಯೂಸ್ಟನ್ನನು 1895ರಲ್ಲಿ ಹುಟ್ಟಿದನು. ಮೊದಲನೆಯ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿ ಫ್ರಾನ್ಸಿಗೆ ಹೋಗಿದ್ದಾಗ ಶತ್ರುಗಳಿಗಿಂತ ಸ್ವದೇಶದ ಬಿಳಿಯ ಸೈನಿಕರಿಂದಲೇ ಹೆಚ್ಚಿನ ಅವಮಾನವನ್ನು ಉಂಡನು. ಬದುಕಿ ಮರಳಿದರೆ ಕಾಯಿದೆಯನ್ನು ಕಲಿತು, ತಿರುಗಿ ಹೊಡೆಯಲಾರದವರ ಪಕ್ಷದಲ್ಲಿ ನಿಲ್ಲುವೆನೆಂದು ಆಗ ನಿಶ್ಚಯಿಸಿಕೊಂಡನು. ಹಾರ್ವರ್ಡಿನಲ್ಲಿ ಓದಿ, ಅಲ್ಲಿನ ನ್ಯಾಯಶಾಸ್ತ್ರ ಪತ್ರಿಕೆಯ ಸಂಪಾದಕವರ್ಗಕ್ಕೆ ಸೇರಿದ ಮೊದಲನೆಯ ಕರಿಯ ವಿದ್ಯಾರ್ಥಿಯೆನಿಸಿ, 1924ರಲ್ಲಿ ತಂದೆಯೊಡನೆ ವಕೀಲಿಗೆ ನಿಂತನು. 1929ರಲ್ಲಿ ಹೋವರ್ಡಿನ ಅಧ್ಯಕ್ಷನಾಗಿದ್ದ ಮಾರ್ಡಕಾಯ್ ಜಾನ್ಸನ್ನನು ನ್ಯಾಯಕಲಾಶಾಲೆಯ ಆಡಳಿತವನ್ನು ಈತನಿಗೆ ಒಪ್ಪಿಸಿದನು.

ಹ್ಯೂಸ್ಟನ್ನನು ಕೈಗೊಂಡ ಮೊದಲನೆಯ ಕಾರ್ಯವೇ ಅತಿ ಕಠಿನವಾದುದು. ಸಾಯಂಕಾಲದ ಪಾಠಗಳನ್ನು 1930ರಲ್ಲಿ ಅವನು ನಿಲ್ಲಿಸಿಬಿಟ್ಟನು. ಪೂರ್ಣಕಾಲದ ಅಧ್ಯಾಪಕರು, ತುಂಬಿದ ಪುಸ್ತಕಭಂಡಾರ, ಹಗಲಿನ ವ್ಯಾಸಂಗ, ಇವಿಲ್ಲದೆ ದೇಶದ ನ್ಯಾಯವಾದಿಗಳ ಸಂಘವು ಕಲಾಶಾಲೆಗೆ ಮನ್ನಣೆಯನ್ನು ಕೊಡುವಂತಿರಲಿಲ್ಲ. ಮನ್ನಣೆಯಿಲ್ಲದ ಶಾಲೆಯಲ್ಲಿ ಕಲಿತವನ ಮಾತಿಗೆ ನ್ಯಾಯಾಲಯದಲ್ಲಿ ತೂಕವಿರಲಿಲ್ಲ. ಮನ್ನಣೆಯು 1931ರಲ್ಲಿಯೇ ದೊರೆಯಿತು. ಆದರೆ ದುಡಿದು ಕಲಿಯಬೇಕಾದ ಬಡವನಿಗೆ ಬಾಗಿಲು ಮುಚ್ಚಿತು. ತಂದೆಯು ಯಾವ ಬಾಗಿಲಿನಿಂದ ಒಳಹೊಕ್ಕು ವಕೀಲನಾದನೋ ಅದನ್ನೇ ಮಗನು ಮುಚ್ಚಿದನು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ನಿಂದಿಸಿದರು, ಮತ್ತು ಅವರ ನಿಂದೆಯು ನಿರಾಧಾರವಾದುದಲ್ಲ. ಬಡವರ ಪಕ್ಷವನ್ನು ಹಿಡಿಯಬಲ್ಲ ವಕೀಲರನ್ನು ತಯಾರಿಸುವುದಕ್ಕಾಗಿ ಬಡವರ ಮಕ್ಕಳಲ್ಲಿ ಕೆಲವರನ್ನು ಹೊರಗಿಡಬೇಕಾಯಿತು. ಮುಂದೆ ದೊರೆತ ಫಲವನ್ನು ಕಂಡವರು ಈ ಬೆಲೆಯನ್ನು ಮರೆಯಬಾರದು.

ಆ ವರ್ಷವೇ ಸೇರಿದ ಹೊಸ ತರಗತಿಯಲ್ಲಿ ಬಾಲ್ಟಿಮೋರಿನ ತರ್ಗುಡ್ ಮಾರ್ಷಲ್ ಎಂಬ ತರುಣನಿದ್ದನು. ಅವನ ಊರಿನಲ್ಲಿಯೇ ಮೇರಿಲೆಂಡ್ ವಿಶ್ವವಿದ್ಯಾನಿಲಯದ ನ್ಯಾಯಕಲಾಶಾಲೆಯಿತ್ತು. ಅದು ಕರಿಯರನ್ನು ಸೇರಿಸುತ್ತಿರಲಿಲ್ಲ. ಆದುದರಿಂದ ಅವನು ಪ್ರತಿದಿನವೂ ರೈಲಿನಲ್ಲಿ ವಾಷಿಂಗ್ಟನ್ನಿಗೆ ಬಂದು ಹೋಗಬೇಕಾಗಿತ್ತು. ಮಗನ ಶುಲ್ಕಕ್ಕಾಗಿ ತಾಯಿಯು ಮದುವೆಯ ಉಂಗುರವನ್ನು ಒತ್ತೆಯಿಟ್ಟಳೆಂದು ಹೇಳುವರು. 1933ರಲ್ಲಿ ಮಾರ್ಷಲ್ಲನು ತರಗತಿಗೆ ಮೊದಲನೆಯವನಾಗಿಯೂ ಅವನ ಮಿತ್ರನಾದ ಆಲಿವರ್ ಹಿಲ್ಲನು ಎರಡನೆಯವನಾಗಿಯೂ ತೇರ್ಗಡೆಯಾದರು.

ಹ್ಯೂಸ್ಟನ್ನನ ಬೋಧನಕ್ರಮವು ಪುಸ್ತಕಕ್ಕೆ ಕಟ್ಟುಬಿದ್ದುದಲ್ಲ. ಅವನು ವಿದ್ಯಾರ್ಥಿಗಳನ್ನು ಪೊಲೀಸ್ ಠಾಣೆಗಳಿಗೂ ಸೆರೆಮನೆಗಳಿಗೂ ನ್ಯಾಯಾಲಯಗಳಿಗೂ ಕರೆದೊಯ್ದು, ಕಾಯಿದೆಯು ಅಕ್ಷರದಲ್ಲಿ ಹೇಗಿದೆಯೆಂಬುದನ್ನು ಕಲಿತವರಿಗೆ ಅದು ಬಡವನ ಮೈಮೇಲೆ ಹೇಗೆ ನಡೆಯುತ್ತದೆಂಬುದನ್ನು ತೋರಿಸಿದನು. ನ್ಯಾಯವಾದಿಯಾದವನು ಸಮಾಜವನ್ನು ಕಟ್ಟುವ ಶಿಲ್ಪಿಯಾಗಿರಬೇಕು, ಅಲ್ಲದಿದ್ದರೆ ಅವನು ಸಮಾಜದ ಮೈಮೇಲಣ ಬಂದಳಿಕೆ ಎಂಬುದು ಅವನ ಸಿದ್ಧಾಂತವಾಗಿತ್ತು.

ಇತ್ತ, 1909ರಲ್ಲಿ ಸ್ಥಾಪಿತವಾಗಿ ಎನ್.ಎ.ಎ.ಸಿ.ಪಿ. ಎಂಬ ಐದಕ್ಷರಗಳಿಂದ ಪ್ರಸಿದ್ಧವಾದ ವರ್ಣೀಯರ ಅಭ್ಯುದಯ ಸಂಘವು ಊರೂರುಗಳಲ್ಲಿ ಶಾಖೆಗಳನ್ನು ತೆರೆದಿತ್ತು. ಅದರ ಸದಸ್ಯರಲ್ಲಿ ಉಪಾಧ್ಯಾಯರು, ಪಾದ್ರಿಗಳು, ರೈಲ್ವೆ ನೌಕರರು, ಗೃಹಿಣಿಯರು, ಎಲ್ಲರೂ ಇದ್ದರು. ಎಲ್ಲಿ ಅನ್ಯಾಯವಾಗುತ್ತಿದೆ, ಯಾರು ಮುಂದೆ ಬಂದು ವಾದಿಯಾಗಿ ನಿಲ್ಲುವರು, ನಿಂತವನ ಕೆಲಸ ಹೋದರೆ ಅವನನ್ನು ಯಾರು ಸಾಕುವರು ಎಂಬುದನ್ನು ಬಲ್ಲವರು ಇವರೇ. ಸಂಘದಲ್ಲಿ ಅರಿಕೆಯಿತ್ತು, ಕಲಾಶಾಲೆಯಲ್ಲಿ ಕ್ರಿಯೆಗೆ ಬೇಕಾದ ವಿದ್ಯೆಯಿತ್ತು. ಹ್ಯೂಸ್ಟನ್ನನು 1935ರಲ್ಲಿ ಕಲಾಶಾಲೆಯಿಂದ ಸಂಘದ ನ್ಯಾಯಕಾರ್ಯಕ್ಕೆ ಹೋದಾಗ ಈ ಎರಡೂ ಒಂದು ಗಾಡಿಯ ಎರಡು ಎತ್ತುಗಳಂತೆ ಹೂಡಲ್ಪಟ್ಟವು. ಅವನೂ ಮಾರ್ಷಲ್ಲನೂ ದಕ್ಷಿಣದ ಸಂಸ್ಥಾನಗಳಲ್ಲಿ ಮೋಟಾರಿನಲ್ಲಿ ಸಂಚರಿಸಿ, ಕರಿಯ ಮಕ್ಕಳ ಮುರುಕು ಶಾಲೆಗಳನ್ನು ಕಣ್ಣಾರೆ ಕಂಡು, ಚಲಚ್ಚಿತ್ರಗಳನ್ನು ತೆಗೆದು, ಸಾಕ್ಷ್ಯವನ್ನು ಕೂಡಿಹಾಕಿದರು.

ಅವರ ಯುದ್ಧತಂತ್ರದಲ್ಲಿ ಸೂಕ್ಷ್ಮವಿತ್ತು. ಚಿಕ್ಕ ಮಕ್ಕಳ ಶಾಲೆಗಳಿಂದ ಆರಂಭಿಸದೆ ವಿಶ್ವವಿದ್ಯಾನಿಲಯಗಳ ನ್ಯಾಯಕಲಾಶಾಲೆಗಳಿಂದಲೇ ಮೊದಲುಮಾಡಿದರು. ನ್ಯಾಯಾಧೀಶರೆಲ್ಲರೂ ನ್ಯಾಯಕಲಾಶಾಲೆಯಲ್ಲಿ ಕಲಿತವರೇ. ಎರಡು ಕೋಣೆ, ನಾಲ್ಕು ಪುಸ್ತಕ, ಒಬ್ಬ ಅಧ್ಯಾಪಕ ಇದ್ದ ಮಾತ್ರಕ್ಕೆ ಅದು ಸಮಾನವಾದ ಕಲಾಶಾಲೆಯಾಗದೆಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇರಿಲೆಂಡಿನಲ್ಲಿ ಪ್ರವೇಶವನ್ನು ನಿರಾಕರಿಸಲ್ಪಟ್ಟ ಡೊನಾಲ್ಡ್ ಮರ್ರೇ ಎಂಬ ಪದವೀಧರನ ಪಕ್ಷದಲ್ಲಿ ಗುರುಶಿಷ್ಯರಿಬ್ಬರೂ ನಿಂತು 1935ರಲ್ಲಿ ಗೆದ್ದರು; 1936ರಲ್ಲಿ ಆ ಸಂಸ್ಥಾನದ ಮೇಲಿನ ನ್ಯಾಯಾಲಯವೂ ತೀರ್ಪನ್ನು ಸ್ಥಿರಪಡಿಸಿತು. ತನಗೆ ತೆರೆಯದಿದ್ದ ಬಾಗಿಲನ್ನು ಮಾರ್ಷಲ್ಲನು ಮತ್ತೊಬ್ಬನಿಗೆ ತೆರೆಯಿಸಿದನು.

1938ರಲ್ಲಿ ಮಿಸ್ಸೂರಿ ಸಂಸ್ಥಾನದ ಲಾಯ್ಡ್ ಗೇನ್ಸ್ ಎಂಬಾತನ ಇಂತಹುದೇ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. ವಾದದ ಹಿಂದಿನ ಇರುಳು ಹ್ಯೂಸ್ಟನ್ನನು ತನ್ನ ಹಳೆಯ ಕಲಾಶಾಲೆಗೆ ಬಂದು, ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿದ ಸಭೆಯಲ್ಲಿ ತನ್ನ ವಾದವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದನು. ನಮ್ಮ ಪಾಠಶಾಲೆಗಳ ವಾಕ್ಯಾರ್ಥಸಭೆಯನ್ನು ಕಂಡವರಿಗೆ ಇದರ ಸ್ವಾರಸ್ಯವು ಕೂಡಲೆ ತಿಳಿಯುತ್ತದೆ. ಪೂರ್ವಪಕ್ಷವನ್ನು ಎದುರಾಳಿಗಿಂತ ಬಲವಾಗಿ ಹೂಡಬಲ್ಲವನೇ ಸಿದ್ಧಾಂತವನ್ನು ನಿಲ್ಲಿಸಬಲ್ಲನು. ಹೋವರ್ಡಿನಲ್ಲಿಯೂ ಕೇಳುವವರು ನ್ಯಾಯಾಧೀಶರ ಸ್ಥಾನದಲ್ಲಿ ಕುಳಿತು ಕರುಣೆಯಿಲ್ಲದೆ ಆಕ್ಷೇಪಗಳನ್ನು ಒಡ್ಡುತ್ತಿದ್ದರು. ಈ ಪದ್ಧತಿಯು ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ದೊಡ್ಡ ಮೊಕದ್ದಮೆಗಳಿಗೂ ಇಂತಹ ಪೂರ್ವಾಭ್ಯಾಸವು ಅಲ್ಲಿಯೇ ನಡೆಯಿತು. ಗೇನ್ಸನ ವ್ಯಾಜ್ಯವು ಗೆದ್ದಿತು. ಕರಿಯ ವಿದ್ಯಾರ್ಥಿಗೆ ಶುಲ್ಕವನ್ನು ಕೊಟ್ಟು ಪರಸಂಸ್ಥಾನಕ್ಕೆ ಕಳುಹಿಸಿದರೆ ಸಾಲದು, ತನ್ನ ಎಲ್ಲೆಯೊಳಗೇ ಸಮಾನವಾದ ವಿದ್ಯೆಯನ್ನು ಕೊಡಬೇಕೆಂದು ನ್ಯಾಯಾಲಯವು ವಿಧಿಸಿತು. ಆದರೆ ಗೇನ್ಸನು ಆ ಫಲವನ್ನು ಉಣ್ಣಲಿಲ್ಲ. 1939ರ ಮಾರ್ಚಿಯಲ್ಲಿ ಷಿಕಾಗೋ ನಗರದಲ್ಲಿ ಅವನು ಕಾಣೆಯಾದನು. ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ವಾದಿಯಾಗಿ ನಿಲ್ಲುವುದೆಂದರೇನೆಂಬುದಕ್ಕೆ ಇದೊಂದು ಉದಾಹರಣೆ ಸಾಕು.

ಅದೇ 1938ರಲ್ಲಿ ಜೇಮ್ಸ್ ನ್ಯಾಬ್ರಿಟ್ ಎಂಬ ಅಧ್ಯಾಪಕನು ಪೌರಹಕ್ಕುಗಳ ಕಾಯಿದೆಯನ್ನೇ ಪ್ರತ್ಯೇಕ ವಿಷಯವನ್ನಾಗಿ ಮಾಡಿ ಬೋಧಿಸತೊಡಗಿದನು. ಅಮೇರಿಕದ ಯಾವ ನ್ಯಾಯಕಲಾಶಾಲೆಯಲ್ಲಿಯೂ ಅದುವರೆಗೆ ಅಂತಹ ಪಾಠವಿರಲಿಲ್ಲ. ಸಂಘದ ವಕೀಲರಿಗೆ ಎದುರಾದ ಪ್ರಶ್ನೆಗಳೇ ಅಲ್ಲಿ ವಿದ್ಯಾರ್ಥಿಗಳ ಅಭ್ಯಾಸವಾದುವು. ವಿದ್ಯಾರ್ಥಿಗಳು ಹುಡುಕಿ ತಂದ ಪೂರ್ವನಿದರ್ಶನಗಳು ವಕೀಲರ ಕೈಸೇರಿದುವು.

1941ರಲ್ಲಿ ಪಾಲಿ ಮರ್ರೇ ಎಂಬಾಕೆಯು ಈ ಕಲಾಶಾಲೆಗೆ ಸೇರಿದಳು. ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾನಿಲಯವು ಬಣ್ಣದ ಕಾರಣದಿಂದ ಆಕೆಯನ್ನು ನಿರಾಕರಿಸಿತ್ತು. 1940ರಲ್ಲಿ ವರ್ಜೀನಿಯಾದಲ್ಲಿ ಬಸ್ಸಿನ ಮುರುಕು ಪೀಠದಲ್ಲಿ ಕುಳ್ಳಿರಲು ಒಪ್ಪದೆ ಗೆಳತಿಯೊಡನೆ ಸೆರೆಮನೆಗೆ ಹೋದಾಗ, ಕೃಷ್ಣಲಾಲ ಶ್ರೀಧರಾಣಿಯವರ ಗ್ರಂಥದಿಂದ ತಿಳಿದುಕೊಂಡ ಸತ್ಯಾಗ್ರಹದ ಕ್ರಮವನ್ನು ಅಲ್ಲಿಯೇ ಪ್ರಯೋಗಿಸಿ ನೋಡಿದ್ದಳು. ವರ್ಣಭೇದವನ್ನು ಎದುರಿಸಲು ಕಟ್ಟಿದ ಈ ಕಲಾಶಾಲೆಯಲ್ಲಿ ಆಕೆಗೆ ಇನ್ನೊಂದು ಭೇದವು ಕಾದಿತ್ತು. ತರಗತಿಯಲ್ಲಿ ಆಕೆಯೊಬ್ಬಳೇ ಸ್ತ್ರೀ. ಹೆಂಗಸರು ಕಾಯಿದೆಯನ್ನು ಓದಲು ಏಕೆ ಬರುವರೋ ತಿಳಿಯದೆಂದು ಅಧ್ಯಾಪಕನೊಬ್ಬನು ಮೊದಲ ದಿನವೇ ಹೇಳಲು, ತರಗತಿಯು ನಕ್ಕಿತು. ಆಕೆಯು ಬಾಯಿಗೆ ಉತ್ತರವನ್ನು ಕೊಡದೆ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲೆ ನಿಂತು ಉತ್ತರಕೊಟ್ಟಳು.

1943ರ ಏಪ್ರಿಲಿನಲ್ಲಿ ಸಂಘದ ವಿದ್ಯಾರ್ಥಿಶಾಖೆಯು ವಾಷಿಂಗ್ಟನ್ನಿನ ಕರಿಯರ ಕೇರಿಯಲ್ಲಿಯೇ ಇದ್ದು ಕರಿಯರಿಗೆ ಊಟವನ್ನು ಕೊಡದಿದ್ದ ಲಿಟ್ಲ್ ಪ್ಯಾಲೆಸ್ ಎಂಬ ಉಪಾಹಾರಗೃಹವನ್ನು ಆರಿಸಿಕೊಂಡಿತು. ಪಾಲಿಯು ವಿದ್ಯಾರ್ಥಿಗಳಿಗೆ ಕಾಯಿದೆಯ ಎಲ್ಲೆಯನ್ನು ವಿವರಿಸಿದಳು: ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು, ಬೈದರೆ ಹೇಗಿರಬೇಕು. ವಿದ್ಯಾರ್ಥಿಗಳು ಮೂವರು ನಾಲ್ವರಾಗಿ ಒಳಹೊಕ್ಕು ಊಟವನ್ನು ಕೇಳಿದರು. ಇಲ್ಲವೆನ್ನಲು, ಬರಿದಾದ ತಟ್ಟೆಯನ್ನು ಮುಂದಿಟ್ಟುಕೊಂಡು ಪುಸ್ತಕವನ್ನು ತೆರೆದು ಓದುತ್ತ ಕುಳಿತರು. ಉಳಿದವರು ಹೊರಗೆ ಬರಹದ ಹಲಗೆಗಳನ್ನು ಹಿಡಿದು ನಿಂತರು. ಕೆಲವೇ ದಿನಗಳಲ್ಲಿ ಮಾಲಿಕನು ಎಲ್ಲರಿಗೂ ಊಟವನ್ನು ಕೊಡಲು ಒಪ್ಪಿದನು.

ಮರುವರ್ಷ ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ನಗರಮಧ್ಯದ ಥಾಂಪ್ಸನ್ ಉಪಾಹಾರಗೃಹದಲ್ಲಿ ಹೀಗೆಯೇ ಕುಳಿತರು. ಅಂದಿನ ಸಂಜೆಯೇ ಅವರಿಗೆ ಊಟವು ದೊರೆಯಿತು. ಆದರೆ ಇಲ್ಲಿ ಬೇರೊಂದು ತಡೆಯುಂಟಾಯಿತು. ಹೋವರ್ಡ್ ವಿಶ್ವವಿದ್ಯಾನಿಲಯವು ನಡೆಯುತ್ತಿದ್ದುದು ಅಮೇರಿಕದ ಶಾಸನಸಭೆಯು ವರ್ಷವರ್ಷವೂ ಮಂಜೂರು ಮಾಡುತ್ತಿದ್ದ ಹಣದಿಂದ. ಆ ಸಭೆಯಲ್ಲಿ ದಕ್ಷಿಣದ ಬಿಳಿಯ ಸದಸ್ಯರ ಬಲವು ಹೆಚ್ಚಾಗಿತ್ತು. ಆಡಳಿತದವರು ಚಳವಳಿಯನ್ನು ನಿಲ್ಲಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿದರು. ಥಾಂಪ್ಸನ್ನಿನಲ್ಲಿ ಹಳೆಯ ಪದ್ಧತಿಯು ಮರಳಿ ಬಂದಿತು. ವಿದ್ಯಾರ್ಥಿಗೆ ಅನ್ಯಾಯವನ್ನು ಗುರುತಿಸಲು ಕಲಿಸಿದ ಸಂಸ್ಥೆಯೇ ಅವನ ಕೈಯನ್ನು ಹಿಡಿದುದು ವಿಪರೀತವಾಗಿ ತೋರಬಹುದು. ಸಂಸ್ಥೆಯು ಮುಚ್ಚಿಹೋದರೆ ಮುಂದೆ ಕಲಿಯುವವರೆಲ್ಲಿ ಎಂಬ ಪ್ರಶ್ನೆಯನ್ನೂ ಅಲ್ಲಗಳೆಯಲಾಗದು. ಅನ್ನದಾತನ ಮುಂದೆ ನ್ಯಾಯವನ್ನು ನುಡಿಯಬೇಕಾದ ಎಲ್ಲ ವಿದ್ಯಾಸಂಸ್ಥೆಗಳಿಗೂ ಇದೇ ಸಂಕಟ. ಥಾಂಪ್ಸನ್ ಉಪಾಹಾರಗೃಹಕ್ಕೆ 1950ರಲ್ಲಿ ಎಂಬತ್ತಾರು ವರ್ಷದ ವೃದ್ಧೆ ಮೇರಿ ಚರ್ಚ್ ಟೆರಲ್ಲಳು ಹೋಗಿ, ನಿರಾಕರಣವನ್ನು ಪಡೆದು, ವ್ಯಾಜ್ಯಕ್ಕೆ ಕಾರಣಳಾದಳು. 1872 ಮತ್ತು 1873ರಲ್ಲಿ ಹುಟ್ಟಿ ಜನರು ಮರೆತೇಬಿಟ್ಟಿದ್ದ ಸಮಾನತೆಯ ಶಾಸನಗಳು ಇನ್ನೂ ಊರ್ಜಿತವೆಂದು ಸರ್ವೋಚ್ಚ ನ್ಯಾಯಾಲಯವು 1953ರಲ್ಲಿ ತೀರ್ಮಾನಿಸಿತು. ವಿದ್ಯಾರ್ಥಿಗಳು ಬಿಟ್ಟ ಹಗ್ಗವನ್ನು ಮುದುಕಿಯೊಬ್ಬಳು ಹಿಡಿದು ದಡಕ್ಕೆಳೆದಳು.

ಪಾಲಿಯು ಕಡೆಯ ವರ್ಷದಲ್ಲಿ ಒಂದು ಪ್ರಬಂಧವನ್ನು ಬರೆದಳು. ಬೇರೆಯಾದ ಶಾಲೆಯು ಸಮಾನವಾಗಿಲ್ಲವೆಂದು ಒಂದೊಂದಾಗಿ ವಾದಿಸುವುದನ್ನು ಬಿಟ್ಟು, ಬೇರೆಮಾಡುವುದೇ ಅಸಮಾನತೆಯೆಂದು ಪ್ಲೆಸಿ ತೀರ್ಪಿನ ಬುಡಕ್ಕೇ ಕೊಡಲಿಯಿಡಬೇಕೆಂಬುದು ಅದರ ಪ್ರತಿಜ್ಞೆ. ಸಹಪಾಠಿಗಳು ನಕ್ಕರು. ಇಪ್ಪತ್ತೈದು ವರ್ಷಗಳೊಳಗೆ ಪ್ಲೆಸಿ ತೀರ್ಪು ಬೀಳುವುದೆಂದು ಆಕೆಯು ಅಧ್ಯಾಪಕನಾದ ಸ್ಪಾಟ್ಸ್‌ವುಡ್ ರಾಬಿನ್‌ಸನ್ನನೊಡನೆ ಹತ್ತು ಡಾಲರಿನ ಪಂಥವನ್ನು ಕಟ್ಟಿದಳು. 1944ರಲ್ಲಿ ತರಗತಿಗೆ ಮೊದಲನೆಯವಳಾಗಿ ತೇರ್ಗಡೆಯಾದ ಆಕೆಯನ್ನು ಹಾರ್ವರ್ಡ್ ಕಲಾಶಾಲೆಯು ಸ್ತ್ರೀಯೆಂಬ ಕಾರಣದಿಂದ ಸೇರಿಸಿಕೊಳ್ಳಲಿಲ್ಲ. ಪ್ರಬಂಧವು ರಾಬಿನ್‌ಸನ್ನನ ಕಾಗದಪತ್ರಗಳ ನಡುವೆ ಉಳಿಯಿತು.

ಈ ನಡುವೆ ವಾಷಿಂಗ್ಟನ್ನಿನಲ್ಲಿಯೇ ಮತ್ತೊಂದು ಸಂಘವು ಹುಟ್ಟಿತು. ಬ್ರೌನ್ ಎಂಬ ಶಾಲೆಯಲ್ಲಿ ಕರಿಯ ಮಕ್ಕಳು ಸ್ಥಳವಿಲ್ಲದೆ ಎರಡು ಪಾಳಿಯಲ್ಲಿ ಕಲಿಯಬೇಕಾಗಿತ್ತು. 1947ರ ಡಿಸೆಂಬರಿನಲ್ಲಿ ಗಾರ್ಡನರ್ ಬಿಷಪ್ ಎಂಬ ಕ್ಷೌರಿಕನ ಮುಂದಾಳುತನದಲ್ಲಿ ತಾಯಿತಂದೆಗಳು ಮಕ್ಕಳನ್ನು ಶಾಲೆಗೆ ಕಳುಹಿಸದೆ ಮುಷ್ಕರ ಹೂಡಿದರು. ಇವರು ಬಡವರು, ವಿದ್ಯಾವಂತರಾದ ಕರಿಯರ ವಿಷಯದಲ್ಲಿಯೂ ಇವರಿಗೆ ನಂಬಿಕೆ ಸಾಲದಾಗಿತ್ತು. ಬಿಳಿಯರು ತಮ್ಮನ್ನು ಬಣ್ಣದಿಂದ ಕೀಳಾಗಿ ಕಾಣುವಂತೆ ತಮ್ಮವರೇ ಕಸುಬಿನಿಂದ ಕೀಳಾಗಿ ಕಾಣುವರೆಂಬುದು ಬಿಷಪ್ಪನ ಅಳಲು. ಹ್ಯೂಸ್ಟನ್ನನು ತಾನಾಗಿ ಇವರ ನೆರವಿಗೆ ಬಂದನು. ಹಾರ್ವರ್ಡಿನ ಪಂಡಿತನೂ ಬೀದಿಯ ಕ್ಷೌರಿಕನೂ ಎರಡು ವರ್ಷಗಳ ಕಾಲ ಜೊತೆಯಾಗಿ ದುಡಿದರು. 1930ರಲ್ಲಿ ಸಾಯಂಕಾಲದ ಬಾಗಿಲನ್ನು ಮುಚ್ಚಿದವನು ಈಗ ದುಡಿಯುವ ಜನರ ಬಾಗಿಲಿಗೆ ತಾನೇ ನಡೆದುಬಂದನು.

ಹೃದ್ರೋಗದಿಂದ ಹಾಸಿಗೆ ಹಿಡಿದ ಹ್ಯೂಸ್ಟನ್ನನು ಈ ಕಾರ್ಯವನ್ನು ನ್ಯಾಬ್ರಿಟ್ಟನಿಗೆ ಒಪ್ಪಿಸುವಂತೆ ಬಿಷಪ್ಪನಿಗೆ ಹೇಳಿ, 1950ರ ಏಪ್ರಿಲ್ 22ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಶಾಲೆಗಳು ಸಮಾನವಾಗಿಲ್ಲವೆಂಬ ಹಳೆಯ ವಾದವನ್ನು ತಾನು ಹೂಡುವುದಿಲ್ಲ, ಬೇರೆಮಾಡುವುದನ್ನೇ ಪ್ರಶ್ನಿಸುವೆನೆಂದು ನ್ಯಾಬ್ರಿಟ್ಟನು ಪಟ್ಟುಹಿಡಿದನು. ಆ ವರ್ಷದ ಸೆಪ್ಟೆಂಬರ್ 11ರಂದು ಬಿಷಪ್ಪನು ಹನ್ನೊಂದು ಮಕ್ಕಳನ್ನು ಕರೆದುಕೊಂಡು, ಬರಿದಾದ ಕೋಣೆಗಳಿದ್ದ ಸೂಸಾ ಎಂಬ ಹೊಸ ಬಿಳಿಯರ ಶಾಲೆಗೆ ಹೋದನು. ಪ್ರವೇಶವು ದೊರೆಯಲಿಲ್ಲ. ಬೋಲಿಂಗ್ ಎಂಬ ಬಾಲಕನ ಹೆಸರಿನಲ್ಲಿ ದಾವೆಯು ನಡೆಯಿತು. ಅದೇ ಕಾಲದಲ್ಲಿ ವರ್ಜೀನಿಯಾದ ಫಾರ್ಮ್‌ವಿಲ್ಲಿನಲ್ಲಿ ಹದಿನಾರು ವರ್ಷದ ಬಾರ್ಬರಾ ಜಾನ್ಸಳು ಸಹಪಾಠಿಗಳೊಡನೆ 1951ರಲ್ಲಿ ಮುಷ್ಕರ ಹೂಡಲು, ಹೋವರ್ಡಿನ ಹಳೆಯ ವಿದ್ಯಾರ್ಥಿಗಳಾದ ಹಿಲ್ಲನೂ ರಾಬಿನ್‌ಸನ್ನನೂ ಅವರ ವಕೀಲರಾದರು.

ಈ ಮೊಕದ್ದಮೆಗಳು ಬೇರೆ ಮೂರರೊಡನೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ಹೋವರ್ಡಿನ ಸಭಾಗೃಹದಲ್ಲಿ ಮತ್ತೆ ಪೂರ್ವಪಕ್ಷದ ಇರುಳುಗಳು ನಡೆದುವು. 1953ರಲ್ಲಿ, ಎರಡನೆಯ ಸಲದ ವಾದಕ್ಕೆ ಸಿದ್ಧರಾಗುತ್ತಿದ್ದಾಗ, ರಾಬಿನ್‌ಸನ್ನನು ಪಾಲಿಯ ಹಳೆಯ ಪ್ರಬಂಧವನ್ನು ಹುಡುಕಿ ತೆಗೆದು ಸಂಗಡಿಗರಿಗೆ ತೋರಿಸಿದನು. 1954ರ ಮೇ 17ರಂದು ನ್ಯಾಯಾಧೀಶರು ಒಂಬತ್ತು ಮಂದಿಯೂ ಏಕಕಂಠದಿಂದ, ಮಕ್ಕಳನ್ನು ಬಣ್ಣದಿಂದ ಬೇರೆಮಾಡುವ ಶಾಲೆಯು ಸ್ವಭಾವತಃ ಅಸಮಾನವೆಂದು ತೀರ್ಪಿತ್ತರು. ಪಾಲಿಯು ಪಂಥವನ್ನು ಹತ್ತು ವರ್ಷಗಳಲ್ಲಿಯೇ ಗೆದ್ದಿದ್ದಳು. ತನ್ನ ಪ್ರಬಂಧವು ಬಳಕೆಗೆ ಬಂದಿತೆಂಬುದು ಆಕೆಗೆ ತಿಳಿದುದು 1963ರಲ್ಲಿ, ಹೋವರ್ಡಿಗೆ ಹೋಗಿ ರಾಬಿನ್‌ಸನ್ನನನ್ನು ಕಂಡಾಗ. ಸ್ತ್ರೀಯರ ಸಮಾನತೆಯ ವಿಷಯದಲ್ಲಿ ಆಕೆಯು ಮುಂದೆ ಬರೆದುದಕ್ಕೆ ಇಂತಹ ವಿಸ್ಮೃತಿಯು ಒದಗಲಿಲ್ಲ. 1971ರಲ್ಲಿ ರೂತ್ ಗಿನ್ಸ್‌ಬರ್ಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ವಾದಪತ್ರದ ಮೇಲೆ ಪಾಲಿಯ ಹೆಸರನ್ನೂ ಬರೆದು ಋಣವನ್ನು ಒಪ್ಪಿಕೊಂಡಳು.

ನಿರ್ಣಯವು ವ್ಯವಹಾರದ ನಾಲ್ಕನೆಯ ಪಾದವೆಂದು ಶಾಸ್ತ್ರವು ಹೇಳಿದರೂ ಲೋಕದಲ್ಲಿ ಅದು ಕಡೆಯ ಪಾದವಲ್ಲ. ಫಾರ್ಮ್‌ವಿಲ್ ಸೇರಿದ ಪ್ರಿನ್ಸ್ ಎಡ್ವರ್ಡ್ ಜಿಲ್ಲೆಯವರು ಕರಿಯ ಮಕ್ಕಳೊಡನೆ ತಮ್ಮ ಮಕ್ಕಳನ್ನು ಕೂಡಿಸುವುದಕ್ಕಿಂತ ಲೇಸೆಂದು 1959ರಲ್ಲಿ ತಮ್ಮ ಸರ್ಕಾರಿ ಶಾಲೆಗಳೆಲ್ಲವನ್ನೂ ಮುಚ್ಚಿದರು. 1964ರಲ್ಲಿ ನ್ಯಾಯಾಲಯವು ಮತ್ತೊಮ್ಮೆ ಆಜ್ಞಾಪಿಸುವವರೆಗೆ ತೆರೆಯಲಿಲ್ಲ. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆಯು ಏರ್ಪಟ್ಟಿತು. ಕರಿಯ ಮಕ್ಕಳಲ್ಲಿ ಅನೇಕರು ಐದು ವರ್ಷಗಳ ವಿದ್ಯೆಯನ್ನು ಕಳೆದುಕೊಂಡರು. ಮುಷ್ಕರವನ್ನು ಹೂಡಿದ ಮಕ್ಕಳ ತಮ್ಮತಂಗಿಯರೇ ಗೆಲುವಿನ ದಂಡವನ್ನು ತೆತ್ತರು.

ಮಾರ್ಷಲ್ಲನು 1967ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯದ ಮೊದಲನೆಯ ಕರಿಯ ನ್ಯಾಯಾಧೀಶನಾದನು. ತಾನೂ ತನ್ನ ಸಂಗಡಿಗರೂ ಮಾಡಿದುದಕ್ಕೆಲ್ಲ ಹ್ಯೂಸ್ಟನ್ನನೇ ಮೂಲವೆಂದು ಅವನು ಕಡೆಯವರೆಗೂ ಹೇಳುತ್ತಿದ್ದನು. ಶಿಷ್ಯನಿಗೆ ಇದು ಸಲ್ಲುವ ಮಾತೇ. ಆದರೆ ಅರಿಕೆಯಿಲ್ಲದೆ ಕ್ರಿಯೆಯಿಲ್ಲ. ಕಾಣೆಯಾದ ಗೇನ್ಸನೂ, ಮಕ್ಕಳನ್ನು ಮುಂದಿಟ್ಟುಕೊಂಡು ಹೋದ ಕ್ಷೌರಿಕನೂ, ಬರಿದಾದ ತಟ್ಟೆಯ ಮುಂದೆ ಕುಳಿತ ವಿದ್ಯಾರ್ಥಿಗಳೂ ಮುಂದೆ ಬಾರದಿದ್ದರೆ ಆ ಕಲಾಶಾಲೆಯ ವಿದ್ಯೆಯೆಲ್ಲವೂ ಪುಸ್ತಕದ ಹಾಳೆಗಳ ನಡುವೆಯೇ ಉಳಿಯುತ್ತಿತ್ತು. ಆ ವಿದ್ಯೆಯಿಲ್ಲದಿದ್ದರೆ ಅವರ ಅರಿಕೆಯು ಬೀದಿಯ ಕೂಗಾಗಿ ಅಡಗಿಹೋಗುತ್ತಿತ್ತು. ಪೀಡಿತನ ಧೈರ್ಯಕ್ಕೂ ಕಲಿತವನ ದುಡಿಮೆಗೂ ಪರಸ್ಪರ ಋಣವಿದೆಯೆಂಬುದನ್ನು ಅರಿತ ಮೇಲೆಯೇ ಹೋವರ್ಡಿನಲ್ಲಿ ಕಾಯಿದೆಯ ಓದು ನ್ಯಾಯದ ಓದಾಯಿತು.